ಹಳೇ ರಿವಾಲ್ವರ್ ಕೊಳ್ಳುವ ಮುಂಚೆ: ಯಾವ ಲಕ್ಷಣಕ್ಕೆ ಯಾವ ದೋಷ, ಯಾವುದು ರಿಪೇರಿಯಾಗುತ್ತದೆ, ಯಾವುದಕ್ಕೆ ಗ್ಯಾರಂಟಿ ಕೇಳಬಹುದು

ಮಲೆನಾಡಿಗೆ ಕೋವಿ ಹೊಸದಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೇ ಮನೆಗಳಲ್ಲಿ ಜೋಡಿನಳಿಗೆಯ ತೋಟಾಕೋವಿಯನ್ನು ನೋಡುತ್ತಲೇ ಬೆಳೆದವರು ಬೇಕಾದಷ್ಟಿದ್ದಾರೆ. ಆ ಅಭ್ಯಾಸದಲ್ಲೇ ರಿವಾಲ್ವರ್ ನೋಡಲು ಹೋಗುತ್ತಾರೆ: ನಳಿಗೆಯೊಳಗೆ ಇಣುಕುತ್ತಾರೆ, ಕುದುರೆ (ಹಿಂಬದಿಯಲ್ಲಿ ಎದ್ದು ಗುಂಡಿಗೆ ಬಡಿಯುವ ಸುತ್ತಿಗೆ) ಎಳೆದು ಬಿಡುತ್ತಾರೆ, "ಗಟ್ಟಿ ಇದೆ ಮಾರಾಯ" ಎನ್ನುತ್ತಾರೆ, ಮುಂಗಡ ಕೊಟ್ಟು ಬರುತ್ತಾರೆ.

ರಿವಾಲ್ವರಿನ ಕಟ್ಟಾಣಿಕೆಯೇ ಬೇರೆ. ಕೋವಿಯಲ್ಲಿ ತೋಟಾ ಕೂರುವುದು ನಳಿಗೆಯಲ್ಲೇ. ಇಲ್ಲಿ ಗುಂಡು ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಉರುಳೆಯ) ತೂತಿನಿಂದ ಹೊರಟು, ಕಣ್ಣಿಗೆ ಕಂಡೂ ಕಾಣದಂಥ ಒಂದು ಸಂದು ದಾಟಿ, ಆಮೇಲೆ ನಳಿಗೆ ಹೊಗಬೇಕು. ಒಂದೊಂದು ತೂತೂ ತನ್ನ ಸರದಿಯಲ್ಲಿ ನಳಿಗೆಯ ನೇರಕ್ಕೆ ಬಂದು ನಿಲ್ಲಬೇಕು. ಹಳತಾದ ರಿವಾಲ್ವರಿನ ಬಹುಪಾಲು ದೋಷಗಳು ಹುಟ್ಟುವುದು ಈ ನಿಲ್ಲುವುದರಲ್ಲಿ ಮತ್ತು ಈ ಸಂದಿನಲ್ಲಿ.

ಇನ್ನು ಗ್ಯಾರಂಟಿ. ಹಳೇ ಆಯುಧಕ್ಕೆ ಗ್ಯಾರಂಟಿ ಎಂದರೆ ಕೊಳ್ಳುವ ಮುಂಚೆ ನೀವು ಕಂಡುಕೊಂಡದ್ದು, ಬಿಲ್ಲಿನ ಮೇಲೆ ಬರೆಸಿಕೊಂಡದ್ದು, ಇಷ್ಟೇ. ಮಾರುವವರ ಬಾಯಿಮಾತು ಲೆಕ್ಕಕ್ಕಿಲ್ಲ. ಹಾಗಾಗಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು, ಪರಿಣತರು ಬೇಕಾಗುವುದನ್ನು ಕೊನೆಗೆ ಇಟ್ಟು ಬರೆದಿದ್ದೇನೆ.

ಮುಟ್ಟುವ ಮುಂಚೆ

ಮಾರುವವರು "ಖಾಲಿ ಇದೆ" ಎಂದರೂ ನೀವೇ ತೆರೆದು ನೋಡಿ. ಸಿಲಿಂಡರಿನ ಪ್ರತಿ ತೂತಿನಲ್ಲೂ ಆಚೆಯ ಬೆಳಕು ಕಾಣಬೇಕು. ಗುಂಡಿನ ಪೆಟ್ಟಿಗೆ ಆ ಕೋಣೆಯಲ್ಲೇ ಇರಬಾರದು. ನಳಿಗೆಯ ಬಾಯಿ ಯಾವಾಗಲೂ ಯಾರೂ ಇಲ್ಲದ ದಿಕ್ಕಿಗೆ, ಬೆರಳು ಟ್ರಿಗರಿನಿಂದ ಹೊರಗೆ. ಕೆಳಗೆ ಬರೆದ ಒಂದೊಂದು ಪರೀಕ್ಷೆಗೂ ಮುಂಚೆ, ನಡುವೆ ಆಯುಧ ಕೈ ಬದಲಾಯಿಸಿದ್ದರೆ, ಮತ್ತೆ ತೆರೆದು ನೋಡಿ. ಬೇಸರ ಮಾಡಿಕೊಳ್ಳುವ ಮಾರಾಟಗಾರ ಸಿಕ್ಕರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ನೋಡುವುದು ಲೈಸೆನ್ಸ್‌ದಾರರ ಎದುರಿನಲ್ಲೇ ಆಗಬೇಕು. ಸಾಧ್ಯವಾದರೆ ಲೈಸೆನ್ಸ್ ಇರುವ ಗನ್ ಹೌಸಿನಲ್ಲಿ ಆಗಲಿ. "ಎರಡು ದಿನ ಮನೆಗೆ ತಗೊಂಡೋಗಿ ನೋಡಿ" ಎನ್ನುವ ಉದಾರತೆ ಇಬ್ಬರನ್ನೂ ಠಾಣೆಗೆ ಹತ್ತಿಸುತ್ತದೆ.

ಬರೀ ಕುದುರೆಯನ್ನು ಪದೇಪದೇ ಹೊಡೆಸಿ ನೋಡಬೇಡಿ. ಹಳೇ ಮಾದರಿಗಳಲ್ಲಿ ಮುಳ್ಳು (ಗುಂಡಿನ ಕ್ಯಾಪಿಗೆ ಬಡಿಯುವ ಚೂಪು ತುದಿ) ಕುದುರೆಗೇ ಸೇರಿಕೊಂಡಿರುತ್ತದೆ. ಖಾಲಿ ಹೊಡೆದರೆ ಮುರಿಯಬಹುದು. ಗನ್ ಹೌಸಿನವರ ಹತ್ತಿರ ಡಮ್ಮಿ ಗುಂಡು ಇದ್ದರೆ ಹಾಕಿಸಿ. ಇಲ್ಲದಿದ್ದರೆ ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ನಿಧಾನ ಇಳಿಸಿ.

ನಂಬರು ಮಾಸಿದೆ, ಬೋರ್ ಹೆಸರು ಹೊಂದುತ್ತಿಲ್ಲ

ಯಂತ್ರ ನೋಡುವ ಮುಂಚೆ ಕಾಗದ ನೋಡಿ. ಆಯುಧದ ಮೇಲಿನ ನಂಬರು, ತಯಾರಕರ ಗುರುತು, ಬೋರ್ (ನಳಿಗೆಯ ಒಳ ಅಳತೆ), ಈ ಮೂರೂ ಮಾರುವವರ ಲೈಸೆನ್ಸಿನಲ್ಲಿ ಬರೆದದ್ದಕ್ಕೆ ಅಕ್ಷರಶಃ ತಾಳೆಯಾಗಬೇಕು. ನಂಬರು ಉಜ್ಜಿದಂತಿದ್ದರೆ, ಮತ್ತೆ ಕೆತ್ತಿದಂತಿದ್ದರೆ, ಅಲ್ಲಿಗೆ ಮುಗಿಯಿತು. ಗುರುತಿಲ್ಲದ ಬಂದೂಕನ್ನು ಮಾರುವುದೂ ವರ್ಗಾಯಿಸುವುದೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನಡಿ ನಿಷಿದ್ಧ; ಇಟ್ಟುಕೊಂಡವರೇ ಗುರುತು ಅಳಿಸಿದವರೆಂದು ಕಾಯ್ದೆ ಎಣಿಸುತ್ತದೆ, ಅಲ್ಲವೆಂದು ಅವರೇ ತೋರಿಸಬೇಕು. ಇದಕ್ಕೆ ರಿಪೇರಿ ಎಂಬುದಿಲ್ಲ.

ಬೋರ್ ವಿಷಯದಲ್ಲಿ ಒಂದು ಎಚ್ಚರ. ಬ್ರಿಟಿಷರ ಕಾಲದ ವೆಬ್ಲಿ ಕಂಪನಿಯ ರಿವಾಲ್ವರುಗಳಲ್ಲಿ .32 ಇದೆ, .38 ಇದೆ, .455 ಇದೆ. .380 ಮತ್ತು .455 ರಿಮ್ (ತಳದಲ್ಲಿ ಚಾಚಿದ ಅಂಚಿರುವ) ಗುಂಡು ಹಾರಿಸಬಲ್ಲ ರಿವಾಲ್ವರುಗಳು ನಿಷೇಧಿತ ವರ್ಗಕ್ಕೆ ಸೇರುತ್ತವೆ. ಸಾಮಾನ್ಯ ಲೈಸೆನ್ಸಿನಲ್ಲಿ ಬರುವುದಿಲ್ಲ. ಅಜ್ಜನ ಕಾಲದಿಂದ ಮನೆಯಲ್ಲಿತ್ತು ಎಂಬುದು ನಿಮಗೆ ಹಕ್ಕು ಕೊಡುವುದಿಲ್ಲ. ಅನುಮಾನವಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಲೈಸೆನ್ಸ್ ಶಾಖೆಯಲ್ಲಿ ಮೊದಲು ಕೇಳಿ.

ನಿಮ್ಮ ಕಡೆಯ ಲೆಕ್ಕವನ್ನೂ ನೋಡಿಕೊಳ್ಳಿ. 2019ರ ತಿದ್ದುಪಡಿಯಾದ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ತೋಟಕ್ಕೆಂದು ಎರಡು ಕೋವಿ ಆಗಲೇ ಇದ್ದರೆ ರಿವಾಲ್ವರಿನ ಮಾತು ಅಲ್ಲಿಗೇ ನಿಂತಿತು. ಬೆಳೆ ಕಾಯುವುದಕ್ಕೆ ರಿವಾಲ್ವರ್ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಹಂದಿ, ಮಂಗನ ಮುಂದೆ ಅದು ಯಾವ ಕೆಲಸಕ್ಕೂ ಬಾರದು.

ಹೊರಗೆ ಪಳಪಳ, ಹಿಡಿಕೆ ಬಿಚ್ಚಿದರೆ ತುಕ್ಕು

ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸಲು ಬರುವ ಊರು ನಮ್ಮದು. ಇಲ್ಲಿ ಹಳೇ ಆಯುಧವನ್ನು ಕೆಡಿಸುವುದು ಗುಂಡಿಗಿಂತ ಹೆಚ್ಚಾಗಿ ತೇವ. "ಅಪ್ಪಯ್ಯ ಹತ್ತು ಗುಂಡೂ ಹೊಡ್ದಿಲ್ಲ ಗೌಡ್ರೇ, ಹೊಸದಿದ್ದ ಹಾಗೇ ಇದೆ" ಎಂದು ಮಾರುವವರು ಹೇಳಿದರೆ ಅದು ನಿಜವೇ ಇರಬಹುದು. ಹೊಡೆಯದೆ ಚರ್ಮದ ಹೋಲ್‌ಸ್ಟರಿನಲ್ಲಿ ತುರುಕಿ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟದ್ದು, ವಾರಕ್ಕೊಮ್ಮೆ ಹೊಡೆದು ಒರೆಸಿ ಇಟ್ಟದ್ದಕ್ಕಿಂತ ಹಾಳಾಗಿರುತ್ತದೆ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಮೊದಲು ಎರಡೂ ಪಕ್ಕ ಹೋಲಿಸಿ. ಒಂದೇ ಪಕ್ಕದಲ್ಲಿ ಚುಕ್ಕೆಚುಕ್ಕೆ ಗುಳಿ ಇದ್ದರೆ, ಆ ಪಕ್ಕ ಕೆಳಗಾಗಿ ವರ್ಷಗಳ ಕಾಲ ಮಲಗಿತ್ತು ಎಂದರ್ಥ. ಆಮೇಲೆ ಹಿಡಿಕೆಯ ಹಲಗೆ ಬಿಚ್ಚಲು ಕೇಳಿ. ಒಂದೇ ಸ್ಕ್ರೂ, ಎರಡು ನಿಮಿಷದ ಕೆಲಸ. ಹೊರಮೈಗೆ ಯಾರು ಬೇಕಾದರೂ ಬಣ್ಣ ಕಟ್ಟಿಸಬಹುದು, ನಿಕ್ಕಲ್ ಹಾಕಿಸಬಹುದು. ಹಲಗೆಯ ಅಡಿಯನ್ನು ಯಾರೂ ಸಿಂಗರಿಸಲು ಹೋಗುವುದಿಲ್ಲ. ಅಲ್ಲಿ ಕೆಂಪು ಪುಡಿ ಮಾತ್ರ ಇದ್ದು, ಎಣ್ಣೆಬಟ್ಟೆಯಲ್ಲಿ ಒರೆಸಿದರೆ ಹೋದರೆ ಚಿಂತೆಯಿಲ್ಲ. ಒರೆಸಿದ ಮೇಲೆ ಉಗುರಿಗೆ ಗುಳಿ ಸಿಕ್ಕರೆ, ಲೋಹ ತಿಂದುಹೋಗಿದೆ. ಹಿಡಿಕೆಯ ಅಡಿಯ ಗುಳಿ ಪ್ರಾಣಾಪಾಯ ತರುವುದಿಲ್ಲ, ಬೆಲೆ ಇಳಿಸುತ್ತದೆ. ಅದೇ ಗುಳಿ ಸಿಲಿಂಡರಿನ ತೂತುಗಳೊಳಗೆ ಇದ್ದರೆ ಬಿಟ್ಟುಬಿಡಿ.

ಹೊಳಪು ಹೊಸದು, ಅಕ್ಷರಗಳ ಅಂಚು ಮಾತ್ರ ಸವೆದು ಮೊಂಡು: ಹೀಗಿದ್ದರೆ ಗುಳಿ ಹೋಗುವಷ್ಟು ಉಜ್ಜಿ ಮತ್ತೆ ಬಣ್ಣ ಕಟ್ಟಿದ್ದಾರೆ. ಸ್ಕ್ರೂ ತಲೆಗಳ ಗೀರು ಕಚ್ಚಿಹೋಗಿದ್ದರೆ ಅಳತೆಗೆ ಹೊಂದದ ಸ್ಕ್ರೂಡ್ರೈವರ್ ಹಿಡಿದವರು ಯಾರೋ ಒಳಗೆ ಕೈ ಹಾಕಿದ್ದಾರೆ. ಯಾರು, ಯಾಕೆ ಎಂದು ಕೇಳಿ. ನನಗಂತೂ ಪಳಪಳ ನಿಕ್ಕಲ್ ಕಂಡರೆ ಮೊದಲು ಅನುಮಾನ, ಆಮೇಲೆ ಉಳಿದದ್ದು.

ಇನ್ನೊಂದು ಸಮಜಾಯಿಷಿ ಕೇಳಿಬರುತ್ತದೆ: "ಎಲೆಕ್ಷನ್ನಿಗೆ ಸ್ಟೇಷನ್ನಿನಲ್ಲಿಟ್ಟಾಗ ಹಿಡಿದ ತುಕ್ಕು ಸಾರ್." ಇದು ಸುಳ್ಳಲ್ಲ. ಚುನಾವಣೆ ಬಂದಾಗಲೆಲ್ಲ ಠೇವಣಿ ಇಡಬೇಕು, ಮಳೆ ಶುರುವಾಗುವ ಹೊತ್ತಿಗೆ ವಾಪಸು ಬರುತ್ತದೆ, ಬಂದದ್ದನ್ನು ಒರೆಸದೆ ಹಾಗೇ ಬೀರುವಿಗೆ ಸೇರಿಸುತ್ತಾರೆ. ಆದರೆ ತುಕ್ಕು ಎಲ್ಲಿ ಹಿಡಿದರೂ ತುಕ್ಕೇ. ಕಾರಣ ಒಪ್ಪಿಕೊಳ್ಳಿ, ಬೆಲೆಯಲ್ಲಿ ಕಳೆಯಿರಿ.

ಟ್ರಿಗರ್ ಜಡ, ಕುದುರೆ ನಿಧಾನ

ಎರಡು ವಿಷಯ ಬೇರೆ ಮಾಡಿ ನೋಡಿ. ಕುದುರೆ ಎಳೆಯದೆ ನೇರ ಟ್ರಿಗರ್ ಒತ್ತಿದಾಗ ಬಿಗಿಯಾಗಿರುವುದು ದೋಷವಲ್ಲ. ಅದೇ ಎಳೆತದಲ್ಲಿ ಸಿಲಿಂಡರ್ ತಿರುಗಬೇಕು, ಕುದುರೆ ಏಳಬೇಕು, ಬೀಳಬೇಕು. ಮೊದಲ ಸಲ ಹಿಡಿದವರಿಗೆ ಇದು ಕೆಟ್ಟಿದೆ ಎನಿಸುತ್ತದೆ.

ದೋಷವೆಂದರೆ ಒತ್ತಿ ಬಿಟ್ಟ ಟ್ರಿಗರ್ ತಾನಾಗಿ ಪೂರ್ತಿ ಮುಂದಕ್ಕೆ ಬಾರದಿರುವುದು, ಅಥವಾ ಕುದುರೆ ಜಿಗುಟಿನಲ್ಲಿ ಅದ್ದಿದಂತೆ ಚಲಿಸುವುದು. ನಮ್ಮ ಕಡೆ ಇದಕ್ಕೆ ಅತಿ ಸಾಮಾನ್ಯ ಕಾರಣ ಕೊಬ್ಬರಿ ಎಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ಅದೇ, ಹಾಗಾಗಿ ಬಾಗಿಲಿನ ಚಿಲಕಕ್ಕೂ ಅದೇ, ರಿವಾಲ್ವರಿಗೂ ಅದೇ. ಡಿಸೆಂಬರಿನ ಚಳಿಗೆ ಹೆಪ್ಪುಗಟ್ಟುತ್ತದೆ, ವರ್ಷ ಕಳೆದಂತೆ ಧೂಳು ಕುಡಿದು ಅಂಟಾಗುತ್ತದೆ. ಸ್ಕ್ರೂಗಳ ಸುತ್ತ ಹಳದಿ-ಕಂದು ಗಸಿ ಕಂಡರೆ ರೋಗ ಗೊತ್ತಾದಂತೆ. ಇದು ಒಳ್ಳೆಯ ಸುದ್ದಿ: ಗನ್‌ಸ್ಮಿತ್ (ಬಂದೂಕು ರಿಪೇರಿಗಾರ) ಬಿಚ್ಚಿ ತೊಳೆದು ತೆಳು ಎಣ್ಣೆ ಹಾಕಿದರೆ ಹೊಸ ಭಾಗವೇ ಇಲ್ಲದೆ ಸರಿಹೋಗಬಹುದು.

ಗಸಿ ಏನೂ ಇಲ್ಲದೆ ಟ್ರಿಗರ್ ವಾಪಸು ಬರುತ್ತಿಲ್ಲವಾದರೆ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಕಾನ್ಪುರದ ಸರಕಾರಿ ಕಾರ್ಖಾನೆಯ .32ಕ್ಕೆ ಸ್ಪ್ರಿಂಗ್ ಹುಡುಕಿದರೆ ಸಿಗುತ್ತದೆ. ಹಳೇ ವಿದೇಶಿ ಆಯುಧಕ್ಕೆ ಒಂದೋ ಇನ್ನೊಂದು ಹಾಳಾದ ಆಯುಧದಿಂದ ತೆಗೆಯಬೇಕು, ಇಲ್ಲವೇ ಕೈಯಲ್ಲಿ ಮಾಡಿಸಬೇಕು. 1980ರ ದಶಕದ ನಡುವಿನಿಂದ ಸಾಮಾನ್ಯರಿಗೆ ವಿದೇಶಿ ಬಂದೂಕು ಆಮದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಅದಕ್ಕೇ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್ ಎಂಬ ಹೆಸರಿದ್ದರೆ ಬೆಲೆ ಏರುತ್ತದೆ, ಬಿಡಿಭಾಗ ಮಾತ್ರ ಸಿಗುವುದಿಲ್ಲ. ರಿಪೇರಿಯ ಭರವಸೆ ಬೇಕಿದ್ದವರಿಗೆ ನನ್ನ ಸಲಹೆ ಕಾನ್ಪುರದ್ದೇ. ಅಂದಗಾರಿಕೆಗೆ ಮನಸೋತವರಿಗೆ ಸಲಹೆ ಹೇಳಿ ಪ್ರಯೋಜನವಿಲ್ಲ.

ಮುಚ್ಚಿದ ಮೇಲೂ ಕತ್ತು ಅಲ್ಲಾಡುತ್ತದೆ

ಕಾನ್ಪುರದ ಹಳೇ .32, ವೆಬ್ಲಿ ಮಾದರಿಯದು: ಮೇಲಿನ ಚಿಲಕ ಒತ್ತಿದರೆ ನಳಿಗೆ-ಸಿಲಿಂಡರ್ ಎರಡೂ ಮುಂದಕ್ಕೆ ಬಗ್ಗಿ ತೆರೆದುಕೊಳ್ಳುತ್ತವೆ. ಪಕ್ಕಕ್ಕೆ ಸಿಲಿಂಡರ್ ಹೊರಳುವ ಮಾದರಿಗಳಲ್ಲಿ ಚೌಕಟ್ಟು ಒಂದೇ ತುಂಡು. ಅವುಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಮುಚ್ಚಿ, ಹಿಡಿಕೆಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೇಲೆ-ಕೆಳಗೆ, ಆಮೇಲೆ ಎಡ-ಬಲ ಅಲ್ಲಾಡಿಸಿ. ಕೈ ಬಾಯಿಯ ಮುಂದೆ ಬರಬಾರದು. ಮೇಲೆ-ಕೆಳಗೆ ಆಡಿದರೆ ಚಿಲಕ ಸವೆದಿದೆ. ಎಡ-ಬಲ ಆಡಿದರೆ ತಿರುಗಣಿಯ ಪಿನ್ನು ಸವೆದಿದೆ ಅಥವಾ ಅದರ ಸ್ಕ್ರೂ ಸಡಿಲ. ಸ್ಕ್ರೂ ಬಿಗಿ ಮಾಡಿದರೆ ಹೋಗುವ ಆಟ ಲೆಕ್ಕಕ್ಕಿಲ್ಲ. ಬಿಗಿ ಮಾಡಿದರೂ ಉಳಿದರೆ ಹೊಸ ಪಿನ್ನು ಬೇಕು. ಚಿಲಕದ ಆಟ ಮಾತ್ರ ಗಂಭೀರ. ಗುಂಡು ಸಿಡಿದಾಗ ಆಯುಧ ತೆರೆಯದಂತೆ ಹಿಡಿಯುವುದು ಅದೊಂದೇ. ಚಿಲಕಕ್ಕೆ ತಗಡಿನ ಚೂರು ಇಟ್ಟು, ಬೆಸುಗೆ ಹಾಕಿ ಬಿಗಿ ಮಾಡಿದ ಗುರುತು ಕಂಡರೆ ವಾಪಸು ಕೊಟ್ಟುಬಿಡಿ.

ತೆರೆದಾಗ ಸಿಲಿಂಡರಿನ ಹಿಂದಿನ, ಗುಂಡುಗಳನ್ನು ಹೊರದಬ್ಬುವ ನಕ್ಷತ್ರದಾಕಾರದ ಭಾಗ ಪೂರ್ತಿ ಮೇಲೆದ್ದು, ಕೊನೆಯಲ್ಲಿ ಟಕ್ಕೆಂದು ವಾಪಸು ಕೂರಬೇಕು. ಅರ್ಧಕ್ಕೇ ನಿಂತರೆ ಮೊದಲು ಅದರಡಿಯ ಕಸ ತೆಗೆದು ನೋಡಿ.

ಸಿಲಿಂಡರ್ ತಿರುಗುವಾಗ ತಡೆಯುತ್ತದೆ

ಪ್ರತಿ ಸುತ್ತಿನಲ್ಲೂ ಒಂದೇ ತೂತಿನ ಹತ್ತಿರ ತಡೆದರೆ, ಆ ತೂತಿನ ಅಂಚಿನಲ್ಲಿ ಗೀರೋ ಸುಟ್ಟ ಮದ್ದೋ ಇದೆ, ಇಲ್ಲವೇ ನಡುವಿನ ಕಡ್ಡಿ ಬಗ್ಗಿದೆ. ಎಲ್ಲ ತೂತಿಗೂ ತಡೆದರೆ ಸಂದು ತೀರಾ ಕಡಿಮೆಯಾಗಿದೆ ಅಥವಾ ಮಸಿ ತುಂಬಿದೆ. ಸಿಲಿಂಡರಿನ ಮುಂಭಾಗದ ಕರಿಯನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜಿ, ನಕ್ಷತ್ರದ ಅಡಿ ಒರೆಸಿ, ಮತ್ತೆ ತಿರುಗಿಸಿ. ಖಾಲಿ ಇದ್ದಾಗ ಸರಾಗ, ಡಮ್ಮಿ ಗುಂಡು ಹಾಕಿದಾಗ ಬಿಗಿ ಎಂದಾದರೆ ಗುಂಡುಗಳು ಪೂರ್ತಿ ಒಳಗೆ ಕೂರುತ್ತಿಲ್ಲ. ತೂತಿನೊಳಗೆ ತುಕ್ಕು ಅಥವಾ ಸೀಸ ಮೆತ್ತಿಕೊಂಡಿರುತ್ತದೆ.

ಸಿಲಿಂಡರ್ ಜಾಗಕ್ಕೆ ಬಂದು ನಿಲ್ಲುವುದಿಲ್ಲ

ಇಡೀ ಪರೀಕ್ಷೆಯ ಜೀವಾಳ ಇದು. ಅವಸರ ಮಾಡಬೇಡಿ.

ಸಿಲಿಂಡರಿನ ಮೈಗೆ ಒಂದು ಬೆರಳು ಹಗುರಾಗಿ ತಾಗಿಸಿ, ಸ್ವಲ್ಪವೇ ಸ್ವಲ್ಪ ತಡೆ ಕೊಡಿ. ಇನ್ನೊಂದು ಹೆಬ್ಬೆರಳಿನಿಂದ ಕುದುರೆಯನ್ನು ತೀರಾ ನಿಧಾನವಾಗಿ ಎಳೆಯಿರಿ. ಸಿಲಿಂಡರಿನ ಮೈಮೇಲಿನ ಕಚ್ಚಿನಲ್ಲಿ ಅಡ್ಡಗೂಟ (ಸಿಲಿಂಡರನ್ನು ಜಾಗದಲ್ಲಿ ಹಿಡಿದು ನಿಲ್ಲಿಸುವ ಗೂಟ) ಬಿದ್ದ ಸಣ್ಣ 'ಟಿಕ್' ಕೇಳಬೇಕು. ಅದು ಕುದುರೆ ಹಿಂದೆ ಕಚ್ಚಿಕೊಳ್ಳುವ ಮೊದಲು ಅಥವಾ ಅದೇ ಕ್ಷಣದಲ್ಲಿ ಆಗಬೇಕು. ಕುದುರೆ ಕಚ್ಚಿಯಾಗಿದೆ, ಸಿಲಿಂಡರನ್ನು ಬೆರಳಲ್ಲಿ ಇನ್ನೂ ಒಂದಿಷ್ಟು ತಳ್ಳಿದರೆ ಆಮೇಲೆ 'ಟಿಕ್' ಎನ್ನುತ್ತದೆ ಎಂದರೆ, ಸಿಲಿಂಡರನ್ನು ತಿರುಗಿಸುವ ಒಳಗಿನ ಕೊಕ್ಕೆ ಅಥವಾ ನಕ್ಷತ್ರದ ಹಲ್ಲು ಸವೆದಿದೆ. ಪ್ರತಿ ತೂತಿಗೂ ಬೇರೆಬೇರೆಯಾಗಿ ಮಾಡಿ ನೋಡಿ. ಒಂದೆರಡರಲ್ಲಿ ಮಾತ್ರ ತಡವಾದರೆ ಹಲ್ಲಿನ ಸವೆತ, ಎಲ್ಲದರಲ್ಲೂ ತಡವಾದರೆ ಕೊಕ್ಕೆಯ ಸವೆತ ಎಂದು ಅಂದಾಜಿಸಬಹುದು. ಕೊಕ್ಕೆ ಬದಲಾಯಿಸುವುದು ಗನ್‌ಸ್ಮಿತ್‌ಗೆ ಮಾಮೂಲಿ ಕೆಲಸ, ಭಾಗ ಸಿಕ್ಕರೆ. ನಕ್ಷತ್ರದ ಹಲ್ಲು ಸರಿ ಮಾಡುವುದು ದುಬಾರಿ ಬಾಬತ್ತು.

ಕುದುರೆ ಕಚ್ಚಿದ ಸ್ಥಿತಿಯಲ್ಲಿ ಸಿಲಿಂಡರನ್ನು ಎಡ-ಬಲ ಆಡಿಸಿ ನೋಡಿ. ಕೂದಲೆಳೆಯಷ್ಟು ಆಟ ಎಲ್ಲ ರಿವಾಲ್ವರಿನಲ್ಲೂ ಇರುತ್ತದೆ. ಅಡ್ಡಗೂಟವನ್ನೇ ಹಾರಿ ತಿರುಗಿಬಿಟ್ಟರೆ ನಿಲ್ಲಿಸಿ. ತೂತು-ನಳಿಗೆ ನೇರವಿಲ್ಲದೆ ಗುಂಡು ಹಾರಿದರೆ ಸೀಸದ ಸಿಪ್ಪೆ ಪಕ್ಕಕ್ಕೆ ಸಿಡಿದು ಹತ್ತಿರ ನಿಂತವರ ಕಣ್ಣಿಗೂ ಹೋಗಬಹುದು.

ಇದಕ್ಕೆ ಸಾಕ್ಷಿ ಆಯುಧದೊಳಗೇ ಸಿಗುತ್ತದೆ. ತೆರೆದು ನಳಿಗೆಯ ಹಿಂಬಾಯಿಯನ್ನು, ಅಂದರೆ ಗುಂಡು ಹೊಗುವ ಕಡೆಯನ್ನು, ಟಾರ್ಚ್ ಬಿಟ್ಟು ನೋಡಿ. ಬೂದುಬಣ್ಣದ ಸೀಸ ಸುತ್ತಲೂ ಒಂದೇ ಸಮ ಮೆತ್ತಿಕೊಂಡಿದ್ದರೆ ಮಾಮೂಲು. ಗಡಿಯಾರದಲ್ಲಿ ಎರಡರಿಂದ ನಾಲ್ಕರ ಜಾಗದಲ್ಲಿ ಮಾತ್ರ ದಪ್ಪ ಪದರ, ಉಳಿದ ಕಡೆ ಚೊಕ್ಕ ಎಂದಾದರೆ ಗುಂಡುಗಳು ಆ ಪಕ್ಕಕ್ಕೆ ಕೆರೆದುಕೊಂಡೇ ಹೋಗುತ್ತಿದ್ದವು. ಮಾರುವವರ ಬಾಯಿಗಿಂತ ಈ ಸೀಸದ ಮಾತು ನಂಬಿ. ಅದೇ ಅಂಚಿನಲ್ಲಿ ಕೂದಲಿನಂಥ ಬಿರುಕು ಕಂಡರೆ ವ್ಯವಹಾರ ಮುಗಿಸಿ ಬನ್ನಿ.

ಇನ್ನು ಸಂದಿನ ಅಳತೆ. ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡಿನ ಎಸಳುಗಳು) ಸಾಕು. ಮುಚ್ಚಿದ ಖಾಲಿ ಆಯುಧದಲ್ಲಿ, ಸಿಲಿಂಡರ್ ಮತ್ತು ನಳಿಗೆಯ ನಡುವೆ ಪಕ್ಕದಿಂದ ಎಸಳು ತೂರಿಸಿ. ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ಇದ್ದರೆ ಒಳ್ಳೆಯದು. 0.25 ದಾಟಿದರೆ ಚೌಕಾಸಿಗೆ ಕಾರಣ; 0.30 ದಾಟಿದರೆ ಬೇಡ. ಸಿಲಿಂಡರನ್ನು ಹಿಂದಕ್ಕೆ ತಳ್ಳಿ ಒಮ್ಮೆ, ಮುಂದಕ್ಕೆ ತಳ್ಳಿ ಒಮ್ಮೆ ಅಳೆಯಿರಿ. ಎರಡರ ವ್ಯತ್ಯಾಸವೇ ಸಿಲಿಂಡರಿನ ಹಿಂದು-ಮುಂದಿನ ಆಟ. ಅದು 0.10ರ ಒಳಗಿದ್ದರೆ ಹಳೇ ಆಯುಧಕ್ಕೆ ಪರವಾಗಿಲ್ಲ. ಮುಂದಕ್ಕೆ ತಳ್ಳಿದಾಗ ಸಂದೇ ಇಲ್ಲದಂತಾದರೆ, ಎರಡು ಸುತ್ತು ಹೊಡೆದು ಬಿಸಿಯಾದ ಮೇಲೆ ಸಿಲಿಂಡರ್ ಕಚ್ಚಿ ನಿಲ್ಲುತ್ತದೆ.

ಎಳೆದ ಕುದುರೆ ಜಾರಿ ಬೀಳುತ್ತದೆ

ಖಾಲಿ ಎಂದು ಮತ್ತೆ ಖಚಿತ ಮಾಡಿಕೊಂಡು ಕುದುರೆ ಎಳೆದು ನಿಲ್ಲಿಸಿ. ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಕುದುರೆಯ ಬೆನ್ನನ್ನು ಮುಂದಕ್ಕೆ ಒತ್ತಿ. ಜಾರಿದರೆ, ಇಲ್ಲಿಗೆ ನಿಲ್ಲಿಸಿ. ಕುದುರೆಯನ್ನು ಹಿಡಿದು ನಿಲ್ಲಿಸುವ ಕಚ್ಚು ಸವೆದಿದೆ, ಅಥವಾ ಟ್ರಿಗರ್ ನಯವಾಗಲೆಂದು ಯಾರೋ ಅರ ಹಾಕಿದ್ದಾರೆ. ಜೇಬಿನಲ್ಲಿ, ಜೀಪಿನ ಕುಲುಕಾಟದಲ್ಲಿ ತಾನಾಗಿ ಹಾರುವ ಆಯುಧ ಇದು. "ಸ್ವಲ್ಪ ಅರ ಹಾಕಿದ್ರೆ ಸರಿಹೋಗತ್ತೆ" ಎನ್ನುವವರೇ ಇದನ್ನು ಈ ಸ್ಥಿತಿಗೆ ತಂದಿರುತ್ತಾರೆ.

ಜಾರದಿದ್ದರೂ ಒಂದು ಮಾತು: ಕುದುರೆಗೆ ಪೆಟ್ಟು ಬಿದ್ದರೆ ಮುಳ್ಳು ಗುಂಡಿಗೆ ತಾಗದಂತೆ ತಡೆಯುವ ಏರ್ಪಾಡು ಬಹಳಷ್ಟು ಹಳೇ ರಿವಾಲ್ವರುಗಳಲ್ಲಿ ಇಲ್ಲ. ಅಂಥದ್ದನ್ನು ಕುದುರೆಯಡಿಯ ತೂತು ಖಾಲಿ ಬಿಟ್ಟೇ ಇಟ್ಟುಕೊಳ್ಳಬೇಕು.

ನಳಿಗೆಯೊಳಗೆ ನೆರಳಿನ ಉಂಗುರ

ತೆರೆದ ಆಯುಧದಲ್ಲಿ, ಬಿಳೀ ಕಾಗದ ಎದುರಿಟ್ಟು, ಹಿಂಬದಿಯಿಂದಲೇ ನೋಡಿ. ಬಾಯಿಯ ಕಡೆಯಿಂದ ಇಣುಕುವ ಚಾಳಿ ಖಾಲಿ ಆಯುಧದಲ್ಲೂ ಬೇಡ. ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಕರಿ, ಬೂದು, ಅಲ್ಲಲ್ಲಿ ಗುಳಿ ಇದ್ದರೆ ಗುರಿಯ ನಿಖರತೆ ಕಡಿಮೆ, ಬದುಕಬಹುದು. ಒಂದು ಕಡೆ ಬಳೆಯಂತೆ ಕಪ್ಪು ನೆರಳು ಸುತ್ತು ಬಂದಿದ್ದರೆ ನಳಿಗೆ ಅಲ್ಲಿ ಉಬ್ಬಿದೆ: ಹಿಂದೊಮ್ಮೆ ಒಳಗೆ ಸಿಕ್ಕಿಕೊಂಡ ಗುಂಡಿನ ಮೇಲೆ ಇನ್ನೊಂದು ಗುಂಡು ಹೊಡೆದಿದ್ದಾರೆ. ಹೊರಗಿನಿಂದ ಬೆರಳಾಡಿಸಿದರೆ ಒಮ್ಮೊಮ್ಮೆ ಉಬ್ಬು ಸಿಗುತ್ತದೆ. ಕೊಳ್ಳಬೇಡಿ.

ಟಪ್ ಎಂದಿತು, ಸಿಡಿಯಲಿಲ್ಲ

ಇದು ಕೊಂಡ ಮೇಲೆ, ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಮೊದಲ ಸಲ ಹೊಡೆದಾಗ ಗೊತ್ತಾಗುವ ದೋಷ. ತೋಟದ ಮೂಲೆಯಲ್ಲಿ ಮರಕ್ಕೆ ಹೊಡೆದು ನೋಡುವ ಪದ್ಧತಿ ಬೇಡ.

ಸಿಡಿಯದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ತಕ್ಷಣ ಇನ್ನೊಮ್ಮೆ ಟ್ರಿಗರ್ ಒತ್ತಬಾರದು. ತಡವಾಗಿ ಹೊತ್ತಿಕೊಳ್ಳುವ ಗುಂಡಾದರೆ ಸಿಲಿಂಡರ್ ತಿರುಗಿದ ಮೇಲೆ, ನಳಿಗೆಯ ಎದುರಿಲ್ಲದ ತೂತಿನಲ್ಲಿ ಸಿಡಿಯುತ್ತದೆ.

ಆಮೇಲೆ ತೆಗೆದು ಕ್ಯಾಪಿನ ಮೇಲಿನ ಗುರುತು ನೋಡಿ. ಗುಳಿ ಆಳವಾಗಿದ್ದೂ ಸಿಡಿಯಲಿಲ್ಲವೆಂದರೆ ಗುಂಡಿನ ದೋಷ. ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಇಟ್ಟ ಹಳೇ ಗುಂಡಿಗೆ ಇದು ಸಹಜ. ಗುಳಿ ತೆಳುವಾಗಿದ್ದರೆ ಕುದುರೆಯ ಸ್ಪ್ರಿಂಗ್ ಸೋತಿದೆ, ಮುಳ್ಳು ಸವೆದಿದೆ, ಅಥವಾ ಟ್ರಿಗರ್ ಹಗುರಾಗಲೆಂದು ಸ್ಪ್ರಿಂಗನ್ನು ಉಜ್ಜಿ ತೆಳು ಮಾಡಿದ್ದಾರೆ. ಅಂಗಡಿಯಲ್ಲಿ "ಎಷ್ಟು ಸ್ಮೂತ್ ಇದೆ ನೋಡಿ" ಎಂದು ಹೊಗಳಿಸಿಕೊಂಡ ಟ್ರಿಗರ್ ರೇಂಜಿನಲ್ಲಿ ಕೈ ಕೊಡುವುದು ಹೀಗೆ. ಗುಳಿ ನಡುವಿನಲ್ಲಿಲ್ಲದೆ ಅಂಚಿಗೆ ಸರಿದಿದ್ದರೆ ಮತ್ತೆ ಸಿಲಿಂಡರ್ ನಿಲ್ಲುವ ದೋಷಕ್ಕೇ ಹೋಗಿ.

ಶಬ್ದ ಸಣ್ಣಗೆ, ಒದೆತ ಕಡಿಮೆ ಬಂದರೆ ಇನ್ನೂ ದೊಡ್ಡ ಅಪಾಯ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ನಿಲ್ಲಿಸಿ, ತೆರೆಯಿರಿ, ನಳಿಗೆಯಲ್ಲಿ ಬೆಳಕು ಕಾಣುವವರೆಗೆ ಮುಂದಿನ ಗುಂಡು ಬೇಡ. ಸಿಕ್ಕಿದ್ದನ್ನು ಮನೆಯಲ್ಲಿ ಕಬ್ಬಿಣದ ಸರಳಿನಿಂದ ಕುಟ್ಟಬೇಡಿ.

ಗುಂಡಿನ ಹೆಸರಿನಲ್ಲೇ ಒಂದು ಗುಂಡಿ ಇದೆ. ರಿವಾಲ್ವರಿನದೂ .32, ಪಿಸ್ತೂಲಿನದೂ .32. ಕಾನ್ಪುರದ .32 ರಿವಾಲ್ವರಿಗೆ ಹಾಕಬೇಕಾದ್ದು ಸ್ಮಿತ್ ಅಂಡ್ ವೆಸನ್ ಲಾಂಗ್ ಅಳತೆಯದು. ಪಿಸ್ತೂಲಿನದು ಮೋಟು, ಒತ್ತಡ ಅದಕ್ಕಿಂತ ಹೆಚ್ಚು, ಆದರೂ ರಿವಾಲ್ವರಿನ ತೂತಿನಲ್ಲಿ ಕುಳಿತುಬಿಡುತ್ತದೆ. ಹೊಡೆದ ಗುಂಡಿನ ಕೊಳವೆ ಉಬ್ಬಿ ಬಂದರೆ, ಸೀಳಿದ್ದರೆ, ಹೊರಗೆ ಎಳೆಯಲು ಕಷ್ಟವಾದರೆ ಮೊದಲು ಪೆಟ್ಟಿಗೆಯ ಮೇಲೆ ಏನು ಬರೆದಿದೆ ಓದಿ. ಸರಿಯಾದ ಗುಂಡೇ ಆಗಿದ್ದೂ ಹೀಗಾದರೆ ತೂತು ಸವೆದಿದೆ ಅಥವಾ ತುಕ್ಕು ತಿಂದಿದೆ; ಅಲ್ಲಿಗೆ ಹೊಡೆಯುವುದು ನಿಲ್ಲಿಸಿ.

ರಿಪೇರಿ ಯಾರ ಕೈಯಲ್ಲಿ

ಭದ್ರಾವತಿಯಲ್ಲಿ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ, ಏನು ತೋರಿಸಿದರೂ ತದ್ರೂಪ ತಿರುವಿ ಕೊಡುವ ಲೇತ್ ಕೆಲಸಗಾರರಿದ್ದಾರೆ. ಅವರ ಕೈಚಳಕದ ಬಗ್ಗೆ ಅನುಮಾನವಿಲ್ಲ. ಆದರೆ ಬಂದೂಕು ರಿಪೇರಿ ಮಾಡುವುದಕ್ಕೂ ಪರೀಕ್ಷಿಸುವುದಕ್ಕೂ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಬೇರೆಯೇ ಲೈಸೆನ್ಸ್ ಬೇಕು. ಇಲ್ಲದವರಿಗೆ ಕೊಟ್ಟರೆ ಅವರನ್ನೂ ಸಿಕ್ಕಿಸಿ ಹಾಕುತ್ತೀರಿ. ಒರೆಸುವುದು, ಎಣ್ಣೆ ಹಾಕುವುದು, ಹಿಡಿಕೆ ಬಿಗಿ ಮಾಡುವುದು ನಿಮ್ಮ ಕೆಲಸ. ಪಕ್ಕದ ತಗಡು ಬಿಚ್ಚುವ ಹೊತ್ತಿಗೆ ಗನ್‌ಸ್ಮಿತ್ ಬೇಕು.

ಗ್ಯಾರಂಟಿ ಕೇಳಿದರೆ ನಗುತ್ತಾರೆ

ಹೊಸದಕ್ಕೆ ತಯಾರಕರು ಕೊಟ್ಟ ವಾರಂಟಿ ಎರಡನೇ ಮಾಲೀಕರಿಗೆ ಬರುತ್ತದೆಂದು ಎಣಿಸಬೇಡಿ. ಸ್ಮಿತ್ ಅಂಡ್ ವೆಸನ್ನಿನ ಜೀವಮಾನದ ವಾರಂಟಿ ಮೊದಲ ಖರೀದಿದಾರನಿಗೆ ಸೇರಿದ್ದು, ಕಂಪನಿ ಇರುವುದೂ ಅಮೆರಿಕದಲ್ಲಿ. ಸೊರಬದಿಂದ ಅಲ್ಲಿಗೆ ರಿವಾಲ್ವರ್ ಪಾರ್ಸೆಲ್ ಮಾಡುವುದಂತೂ ಆಗದ ಮಾತು.

ಗನ್ ಹೌಸಿನಲ್ಲಿ ಕೊಂಡರೆ ನೀವು ಗ್ರಾಹಕರು. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಹೊಂದದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹಾಗೆಂದು 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮನ್ನು ಮರೆಯಬೇಡಿ: ಕೊಳ್ಳುವವರು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ತಕರಾರು ನಿಲ್ಲುವುದಿಲ್ಲ. ತುಕ್ಕು, ಚಿಲಕದ ಆಟ, ಜಾರುವ ಕುದುರೆ, ಇವೆಲ್ಲ ಅಂಥವೇ. ಒಳಗೆ ಉಜ್ಜಿದ ಸ್ಪ್ರಿಂಗ್, ಮುಚ್ಚಿಟ್ಟ ಬೆಸುಗೆ ಅಂಥವಲ್ಲ. ಆದ್ದರಿಂದ ಬಿಲ್ಲಿನಲ್ಲಿ ಕಾಣದ ಭಾಗದ ಬಗ್ಗೆ ಬರೆಸಿ: ಮೂಲ ಸ್ಪ್ರಿಂಗ್ ಇದೆ, ಬೆಸುಗೆ ಹಾಕಿಲ್ಲ, ಪ್ರತಿ ತೂತೂ ಸರಿಯಾಗಿ ನಿಲ್ಲುತ್ತದೆ, ಇಂಥ ದಿನದೊಳಗೆ ಗುಂಡು ಸಿಡಿಯದ ದೋಷ ಕಂಡರೆ ಕೂಲಿ ಇಲ್ಲದೆ ಸರಿಮಾಡಿಕೊಡುತ್ತೇವೆ. "ಇದ್ದದ್ದು ಇದ್ದ ಹಾಗೆ" ಎಂದು ಬರೆದ ಬಿಲ್ಲಾದರೆ ಬೆಲೆಯೂ ಅದಕ್ಕೆ ತಕ್ಕಂತಿರಲಿ.

ನೆಂಟರು, ನೆರೆಯವರಿಂದ ಕೊಳ್ಳುವಾಗ ಗ್ರಾಹಕ ಆಯೋಗದ ದಾರಿ ಇಲ್ಲ. ಅಲ್ಲಿ ಬೇರೊಂದು ಅನುಕೂಲ ಇದೆ. ಖಾಸಗಿಯಾಗಿ ಮಾರುವವರು ಕೊಳ್ಳುವವರ ಹೆಸರು, ವಿಳಾಸ ಸಹಿತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ, 45 ದಿನ ಕಳೆದ ಮೇಲೆಯೇ ಆಯುಧ ಕೊಡಬೇಕು. ಆ 45 ದಿನಗಳಲ್ಲಿ ಮಾರುವವರೇ ಅದನ್ನು ಗನ್ ಹೌಸಿಗೆ ಒಯ್ದು ತೋರಿಸಲಿ, ತಪಾಸಣೆಯ ಕೂಲಿ ನೀವು ಕೊಡಿ. "ಭಾವ, ನನ್ ಮೇಲೇ ನಂಬಿಕೆ ಇಲ್ವಾ?" ಎಂದರೆ, ನಂಬಿಕೆ ನಿಮ್ಮ ಮೇಲಿದೆ, ಸ್ಪ್ರಿಂಗಿನ ಮೇಲಿಲ್ಲ ಎನ್ನಿ. ಸಣ್ಣ ಮುಂಗಡ ಮಾತ್ರ ಕೊಟ್ಟು, ತಪಾಸಣೆಯಲ್ಲಿ ಚಿಲಕ, ಕುದುರೆ, ಸಿಲಿಂಡರ್ ನಿಲ್ಲುವುದು, ಈ ಮೂರರಲ್ಲಿ ಯಾವುದು ಕೆಟ್ಟಿದ್ದರೂ ಮುಂಗಡ ವಾಪಸು ಎಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಉಳಿದ ಹಣ ಲೈಸೆನ್ಸಿನಲ್ಲಿ ನಮೂದಾದ ದಿನ.